ಗುಬ್ಬಿಯ ತೋಟದಪ್ಪನವರೂ ವಿದ್ಯಾರ್ಥಿಯ ವಸತಿಯೂ

ಕಾಲೇಜುಗಳ ಪರೀಕ್ಷಾಫಲಗಳು ಪ್ರಕಟವಾದಾಗಲೆಲ್ಲ ನಮ್ಮ ಪಟ್ಟಣಗಳಲ್ಲಿ ಒಂದು ಚರ್ಚೆಯು ಎದ್ದು ಅಡಗುವುದು ವಾಡಿಕೆಯಾಗಿದೆ. ತೇರ್ಗಡೆಯಾದವರ ಸಂಖ್ಯೆಯು ಇಳಿದರೆ ಉಪಾಧ್ಯಾಯರನ್ನು ದೂರುವರು. ಏರಿದರೆ ಪ್ರಶ್ನಪತ್ರಿಕೆಗಳು ಸುಲಭವಾಗಿದ್ದುವೆಂದು ಶಂಕಿಸುವರು. ಆದರೆ ವಿದ್ಯಾರ್ಥಿಯು ಪಾಠ ಮುಗಿದ ಮೇಲೆ ಎಲ್ಲಿಗೆ ಹೋದನು, ಯಾವ ದೀಪದ ಮುಂದೆ ಕುಳಿತನು, ಪುಸ್ತಕವನ್ನು ತೆರೆದಾಗ ಅವನ ಸುತ್ತಲೂ ಏನು ಗದ್ದಲವಿತ್ತು ಎಂಬುದನ್ನು ವಿಚಾರಿಸುವವರು ವಿರಳ. ಈ ಪ್ರಶ್ನೆಯನ್ನು ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಮನಸ್ಸಿಗೆ ತಂದುಕೊಂಡು, ಅದಕ್ಕೆ ಉತ್ತರವಾಗಿ ಒಂದು ಕಟ್ಟಡವನ್ನೇ ಎಬ್ಬಿಸಿದವರು ವಿಶ್ವವಿದ್ಯಾನಿಲಯದ ಪಂಡಿತರಲ್ಲ, ಸರಕಾರದ ವಿದ್ಯಾಧಿಕಾರಿಗಳೂ ಅಲ್ಲ. ಬೆಂಗಳೂರಿನ ಮಾಮೂಲುಪೇಟೆಯಲ್ಲಿ ವ್ಯಾಪಾರವನ್ನು ನಡೆಯಿಸುತ್ತಿದ್ದ, ತುಮಕೂರು ಸೀಮೆಯ ಗುಬ್ಬಿಯಲ್ಲಿ ಹುಟ್ಟಿದ ವರ್ತಕರೊಬ್ಬರು ಆ ಕಾರ್ಯವನ್ನು ಮಾಡಿದರು. ಧರ್ಮಪ್ರವರ್ತ ರಾವ್ ಬಹದ್ದೂರ್ ಗುಬ್ಬಿ ತೋಟದಪ್ಪನವರ ಹೆಸರನ್ನು ಕೇಳದವರು ನಮ್ಮ ವಾಚಕರಲ್ಲಿ ಇರಲಾರರು. ಆದರೂ ಆ ಹೆಸರು ಒಂದು ರಸ್ತೆಯ ಹೆಸರಾಗಿ, ಒಂದು ಛತ್ರದ ಹೆಸರಾಗಿ ನಾಲಗೆಯ ಮೇಲೆ ಉಳಿದಿದೆಯೇ ಹೊರತು, ಆ ಮಹನೀಯರು ಮಾಡಿದ ಕೆಲಸದ ಸ್ವರೂಪವನ್ನು ಯೋಚಿಸುವವರು ಕಡಿಮೆ. ಆದುದರಿಂದ ಅವರ ಜೀವನವೃತ್ತಾಂತವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಉದ್ಯುಕ್ತರಾಗಿದ್ದೇವೆ.

ತೋಟದಪ್ಪನವರು 1838ರಲ್ಲಿ ಗುಬ್ಬಿಯ ಒಂದು ಲಿಂಗಾಯತ ಮನೆತನದಲ್ಲಿ ಜನಿಸಿದರು. ಮೈಸೂರು ಸೀಮೆಯು ಆಗ ಇಂಗ್ಲಿಷ್ ಕಮಿಷನರರ ಆಡಳಿತದಲ್ಲಿತ್ತು. ಗುಬ್ಬಿಯು ಗ್ರಾಮವೆನ್ನುವುದಕ್ಕಿಂತ ವ್ಯಾಪಾರಸ್ಥಳವೆಂದೇ ಹೆಸರಾದ ಊರು. ಸುತ್ತಣ ತೋಟಗಳ ಅಡಕೆ, ಕೊಬ್ಬರಿಗಳು ಅಲ್ಲಿನ ಸಂತೆಯಲ್ಲಿ ಕೈ ಬದಲಾಯಿಸುತ್ತಿದ್ದುವು. ದೂರದೂರದ ವರ್ತಕರು ಎತ್ತುಗಳ ಮೇಲೆ ಹೇರು ಹೇರಿಕೊಂಡು ಬಂದು ಹೋಗುತ್ತಿದ್ದರು. ಇಂತಹ ಊರಿನಲ್ಲಿ ಹುಟ್ಟಿದವರಿಗೆ ಪರಸ್ಥಳದಿಂದ ಬಂದವನು ಎಲ್ಲಿ ತಂಗುವನು, ಎಲ್ಲಿ ಉಣ್ಣುವನು ಎಂಬ ಯೋಚನೆಯು ಹೊಸದಲ್ಲ. ಈ ಗುಬ್ಬಿಯೇ ಮುಂದೆ ನಾಟಕಮಂಡಲಿಯಿಂದ ದೇಶವಿಖ್ಯಾತವಾಯಿತು. ಊರಿನ ಕೀರ್ತಿಯೆಲ್ಲವೂ ವೀರಣ್ಣನವರ ಪಾಲಿಗೆ ಹೋಗಿ ತೋಟದಪ್ಪನವರಿಗೆ ಉಳಿದುದು ಸ್ವಲ್ಪವೇ ಎಂದು ನಮಗೆ ಒಮ್ಮೊಮ್ಮೆ ತೋರುವುದುಂಟು.

ತೋಟದಪ್ಪನವರು ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ವ್ಯಾಪಾರಕ್ಕೆ ನಿಂತರು. ಕಾಲಕ್ರಮದಲ್ಲಿ ಪೇಟೆಯ ಪ್ರಮುಖ ವರ್ತಕರಲ್ಲಿ ಒಬ್ಬರೆನಿಸಿದರು. ಅವರ ವ್ಯಾಪಾರದ ಏಳುಬೀಳುಗಳನ್ನು ವಿಸ್ತರಿಸುವುದು ಇಲ್ಲಿ ಪ್ರಕೃತವಲ್ಲ. ಅವರು ಬಾಳಿದ ಕಾಲವು ಎಂತಹುದೆಂಬುದನ್ನು ಮಾತ್ರ ಹೇಳಬೇಕು. ಸೆಂಟ್ರಲ್ ಕಾಲೇಜಿಗೆ ಮೂಲವಾದ ಬೆಂಗಳೂರು ಹೈಸ್ಕೂಲು 1858ರಲ್ಲಿ ಪ್ರಾರಂಭವಾದಾಗ ಅವರಿಗೆ ಇಪ್ಪತ್ತು ವರ್ಷ ವಯಸ್ಸು. 1876ರಿಂದ 1878ರ ವರೆಗೆ ಘೋರ ಕ್ಷಾಮವು ಬಂದು, 1871ರ ಖಾನೇಷುಮಾರಿಯಲ್ಲಿ 50 ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆಯು 1881ರ ಖಾನೇಷುಮಾರಿಯಲ್ಲಿ 42 ಲಕ್ಷಕ್ಕೂ ಕೆಳಗಿಳಿಯಿತು. ಹಸಿದ ಹಳ್ಳಿಗರು ಪಟ್ಟಣದ ಕಡೆಗೆ ನಡೆದು ಬಂದುದನ್ನು ಆ ದಿನದ ಯಾವ ವರ್ತಕನೂ ಕಾಣದೆ ಇರಲು ಸಾಧ್ಯವಿರಲಿಲ್ಲ. 1881ರಲ್ಲಿ ರಾಜ್ಯವು ಮತ್ತೆ ಒಡೆಯರ ವಂಶಕ್ಕೆ ಸೇರಿತು. ಅದೇ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ಗುಬ್ಬಿಗಳ ಮಾರ್ಗವಾಗಿ ರೈಲುದಾರಿಯು ಹಾಕಲ್ಪಟ್ಟು, ತೋಟದಪ್ಪನವರ ಹುಟ್ಟೂರಿಗೂ ಅವರ ಅಂಗಡಿಗೂ ನಡುವೆ ಇದ್ದ ಸುಮಾರು 90 ಕಿಲೋಮೀಟರಿನ ದೂರವು ದಿನಗಟ್ಟಲೆಯ ಪಯಣವಾಗಿದ್ದುದು ಕೆಲವು ಗಂಟೆಗಳ ಪಯಣವಾಯಿತು.

ಈ ರೈಲು ಅಡಕೆಯನ್ನೂ ಕೊಬ್ಬರಿಯನ್ನೂ ಮಾತ್ರವೇ ತರಲಿಲ್ಲ, ಹುಡುಗರನ್ನೂ ತಂದಿತು. ಅಂದಿನ ವಿದ್ಯಾರ್ಥಿಯ ಪಾಡನ್ನು ಇಂದಿನವರು ಊಹಿಸುವುದು ಸುಲಭವಲ್ಲ. ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದುದು 1916ರಲ್ಲಿ. ಅದಕ್ಕೆ ಮೊದಲು ನಮ್ಮ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯಕ್ಕೆ ಒಳಪಟ್ಟಿದ್ದುವು. ತುಮಕೂರು ಜಿಲ್ಲೆಯಲ್ಲಿ ಹುಟ್ಟಿದವನು ಪದವಿಯ ವರೆಗೆ ಓದಬೇಕಾದರೆ ಬೆಂಗಳೂರಿಗಾಗಲಿ ಮೈಸೂರಿಗಾಗಲಿ ಹೋಗಲೇ ಬೇಕು. ಗುಬ್ಬಿಯವನಿಗೆ ರೈಲಾದರೂ ಉಂಟು. ಕುಣಿಗಲಿನವನಿಗೆ ಅದೂ ಇಲ್ಲ. ಕುಣಿಗಲಿಗೆ ರೈಲು ಬಂದುದು 2017ರಲ್ಲಿ ಎಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಆ ಊರಿನಲ್ಲಿ ಟೀಪೂ ಸುಲ್ತಾನನ ಕಾಲದಿಂದಲೂ ಕುದುರೆಗಳಿಗೆ ಒಪ್ಪವಾದ ಲಾಯಗಳಿದ್ದುವು. ಆ ತಾಲ್ಲೂಕಿನ ಹುಡುಗನು ಓದಲು ಪಟ್ಟಣಕ್ಕೆ ಹೊರಟರೆ ಅವನಿಗೆ ಒಂದು ಮೂಲೆಯೂ ಗೊತ್ತಾಗಿರುತ್ತಿರಲಿಲ್ಲ.

ಪಟ್ಟಣಕ್ಕೆ ಬಂದ ಬಡ ವಿದ್ಯಾರ್ಥಿಗೆ ಅಂದು ಇದ್ದ ಉಪಾಯಗಳು ಮೂರೋ ನಾಲ್ಕೋ. ಬ್ರಾಹ್ಮಣರ ಹುಡುಗನಾದರೆ ವಾರಾನ್ನದ ಏರ್ಪಾಟನ್ನು ಮಾಡಿಕೊಳ್ಳುವನು. ಅಂದರೆ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಗಳಿಗೆ ಏಳು ಮನೆಗಳು. ಒಂದು ಮನೆಯವರು ಊರಿಗೆ ಹೋದರೆ ಆ ದಿನ ಉಪವಾಸ. ಉಳಿದ ಕುಲಗಳ ಹುಡುಗರಿಗೆ ಆ ಆಸರೆಯೂ ವಿರಳ. ದೂರದ ಬಂಧುವಿನ ಅಂಗಡಿಯ ಹಿಂಭಾಗದಲ್ಲಿ, ಮೂಟೆಗಳ ನಡುವೆ ಚಾಪೆ ಹಾಸಿಕೊಳ್ಳುವುದು. ಇಲ್ಲವೆ ಗುಡಿಯ ಪೌಳಿಯಲ್ಲಿಯೋ ಮನೆಯ ಜಗಲಿಯಲ್ಲಿಯೋ ಮಲಗುವುದು. ಹಂಗಿಗೆ ಪ್ರತಿಯಾಗಿ ಲೆಕ್ಕ ಬರೆಯುವುದು, ನೀರು ಸೇದುವುದು. ರಾತ್ರಿಯಲ್ಲಿ ಓದಲು ಸೀಮೆಎಣ್ಣೆಯ ಬುಡ್ಡಿ. ಎಣ್ಣೆಯು ಮನೆಯವರದಾದುದರಿಂದ ಅವರು ಮಲಗಿದೊಡನೆ ಅದನ್ನು ಆರಿಸಬೇಕು. ಇಂತಹ ಸ್ಥಿತಿಯಲ್ಲಿ ಷೇಕ್ಸ್‌ಪಿಯರನ ನಾಟಕವನ್ನೂ ರೇಖಾಗಣಿತವನ್ನೂ ಅಭ್ಯಾಸ ಮಾಡಿ ಮದರಾಸಿನ ಪರೀಕ್ಷಕರ ಮುಂದೆ ನಿಲ್ಲಬೇಕು. ಬುದ್ಧಿಯ ಕೊರತೆಯಿಂದ ಹಿಂದಿರುಗಿದವರಿಗಿಂತ ಮೂಲೆಯ ಕೊರತೆಯಿಂದ ಹಿಂದಿರುಗಿದವರೇ ಹೆಚ್ಚೆಂದು ನಾವು ಭಾವಿಸುತ್ತೇವೆ. ಅವರ ಲೆಕ್ಕವು ಯಾವ ವರದಿಯಲ್ಲಿಯೂ ಸೇರಿಲ್ಲ; ಪರೀಕ್ಷೆಗೆ ಕುಳಿತವರನ್ನು ಎಣಿಸಬಹುದೇ ಹೊರತು ಕುಳಿತುಕೊಳ್ಳದೆ ಊರಿಗೆ ಹೋದವರನ್ನು ಎಣಿಸುವವರಾರು?

ಪೇಟೆಯ ವರ್ತಕರ ಅಂಗಡಿಗಳ ಹಿಂಭಾಗದಲ್ಲಿಯೇ ಇಂತಹ ಹುಡುಗರು ಮಲಗುತ್ತಿದ್ದುದರಿಂದ, ಅವರ ಕಷ್ಟವು ವಿದ್ಯಾಧಿಕಾರಿಗಳಿಗಿಂತ ವರ್ತಕರಿಗೆ ಹೆಚ್ಚು ಪರಿಚಿತವಾಗಿದ್ದಿರಬೇಕು. ತೋಟದಪ್ಪನವರು 1897ರಲ್ಲಿ ಬೆಂಗಳೂರು ಸಿಟಿ ರೈಲ್ವೆ ಸ್ಟೇಷನ್ನಿನ ಹತ್ತಿರ ಸುಮಾರು ಎರಡೂವರೆ ಎಕರೆ ನೆಲವನ್ನು ರೈಲ್ವೆಯವರಿಂದ ಕ್ರಯಕ್ಕೆ ತೆಗೆದುಕೊಂಡರು. ಮಹಾರಾಜರು ಇನ್ನೂ ಅಪ್ರಾಪ್ತವಯಸ್ಕರಾಗಿದ್ದು, ಮಹಾಮಾತೃಶ್ರೀಯವರಾದ ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾಗಿ ರಾಜ್ಯಭಾರವನ್ನು ನಡೆಯಿಸುತ್ತಿದ್ದ ಕಾಲವದು. ಮರುವರ್ಷವೇ, 1898ರಲ್ಲಿ, ಬೆಂಗಳೂರಿಗೆ ಪ್ಲೇಗುಮಾರಿಯು ಬಂದಿತು. ಗಾಳಿ ಬೆಳಕುಗಳಿಲ್ಲದೆ ಒತ್ತೊತ್ತಾಗಿ ಬೆಳೆದಿದ್ದ ಪೇಟೆಯ ಮನೆಗಳಲ್ಲಿ ಜನರು ಇಲಿಗಳಂತೆ ಸತ್ತರು. ಉಳಿದವರು ಬಯಲಿಗೆ ಓಡಿದರು. ವಿಶಾಲವಾದ ಬೀದಿಗಳ, ಗಾಳಿಯಾಡುವ ಮನೆಗಳ ಬಡಾವಣೆಗಳಾಗಿ ಬಸವನಗುಡಿ, ಮಲ್ಲೇಶ್ವರಗಳು ಬೆಳೆದುದು ಈ ವಿಪತ್ತಿನ ತರುವಾಯವೇ. ಮನುಷ್ಯನ ಆರೋಗ್ಯವು ಅವನು ವಾಸಿಸುವ ಕೊಠಡಿಯನ್ನು ಅವಲಂಬಿಸಿದೆಯೆಂಬುದನ್ನು ಬೆಂಗಳೂರು ಆ ವರ್ಷ ಪ್ರಾಣವನ್ನು ತೆತ್ತು ಕಲಿಯಿತು. ವಿದ್ಯೆಯೂ ಕೊಠಡಿಯನ್ನು ಅವಲಂಬಿಸಿದೆಯೆಂಬ ಇನ್ನೊಂದು ಪಾಠವನ್ನು ಕಲಿತವರು ಕೆಲವರೇ.

1902ನೆಯ ಆಗಸ್ಟ್ 8ರಂದು ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರವರು ಸ್ವತಂತ್ರವಾಗಿ ರಾಜ್ಯಸೂತ್ರಗಳನ್ನು ವಹಿಸಿಕೊಂಡರು. ಅದಾದ ಆರು ತಿಂಗಳಲ್ಲಿ, 1903ನೆಯ ಫೆಬ್ರವರಿ 11ರಂದು, ತೋಟದಪ್ಪನವರ ಧರ್ಮಛತ್ರವನ್ನೂ ಉಚಿತ ವಿದ್ಯಾರ್ಥಿನಿಲಯವನ್ನೂ ಹತ್ತೊಂಬತ್ತು ವರ್ಷ ಕೂಡ ತುಂಬದ ಆ ಮಹಾರಾಜರೇ ಪ್ರಾರಂಭೋತ್ಸವ ಮಾಡಿದರು. ಅಲ್ಲಿ ಬಂದು ಸೇರಲಿದ್ದ ಕಾಲೇಜು ವಿದ್ಯಾರ್ಥಿಗಳ ವಯಸ್ಸೇ ಮಹಾರಾಜರ ವಯಸ್ಸೂ ಆಗಿತ್ತು.

ಛತ್ರವೂ ವಿದ್ಯಾರ್ಥಿನಿಲಯವೂ ಒಟ್ಟಿಗೆ ಇದ್ದುವೆಂಬ ಸಂಗತಿಯ ಮೇಲೆ ನಾವು ಇಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. ಛತ್ರವನ್ನು ಕಟ್ಟಿಸುವುದು ನಮ್ಮ ದೇಶದಲ್ಲಿ ಪುರಾತನವಾದ ಪುಣ್ಯಕಾರ್ಯ. ಕೆರೆಯನ್ನು ಕಟ್ಟಿಸುವುದು, ಬಾವಿಯನ್ನು ತೋಡಿಸುವುದು, ಸಾಲುಮರಗಳನ್ನು ನೆಡಿಸುವುದು, ಛತ್ರವನ್ನು ಎತ್ತಿಸುವುದು ಇವುಗಳಿಗೆ ಶಾಸನಗಳಲ್ಲಿಯೂ ಸ್ಥಾನವುಂಟು. ಆದರೆ ಛತ್ರದ ಅತಿಥಿಯು ಒಂದೆರಡು ದಿನ ತಂಗಿ ಹೋಗತಕ್ಕವನು. ಅವನಿಗೆ ಬೇಕಾದುದು ಮಲಗುವ ಸ್ಥಳ ಮಾತ್ರ. ವಿದ್ಯಾರ್ಥಿಯಾದರೋ ವರ್ಷಗಟ್ಟಲೆ ಇರತಕ್ಕವನು. ಅವನಿಗೆ ನಿಶ್ಶಬ್ದವು ಬೇಕು, ದೀಪವು ಬೇಕು, ಪುಸ್ತಕಗಳನ್ನು ಇಟ್ಟರೆ ಇಟ್ಟಲ್ಲಿಯೇ ಇರುವ ಗೂಡು ಬೇಕು, ನಾಳೆಯೂ ಈ ಸ್ಥಳವು ತನ್ನದೇ ಎಂಬ ನೆಮ್ಮದಿಯು ಬೇಕು. ಹಳೆಯ ಧರ್ಮದ ವಾಡಿಕೆಯನ್ನು ಬಿಡದೆ, ಅದೇ ನೆಲದಲ್ಲಿ, ಅದೇ ದ್ರವ್ಯದಿಂದ ಹೊಸ ಕಾಲದ ಅತಿಥಿಯೊಬ್ಬನಿಗೆ ಎಡೆಮಾಡಿ ಕೊಟ್ಟುದು ತೋಟದಪ್ಪನವರ ವಿವೇಕ. ರೈಲು ಇಳಿದ ಯಾತ್ರಿಕನಿಗೂ ಕಾಲೇಜಿಗೆ ಬಂದ ಹುಡುಗನಿಗೂ ಒಬ್ಬರೇ ಆತಿಥೇಯರಾದರು. ಸ್ಟೇಷನ್ನಿನ ಸಮೀಪವು ಓದಿಗೆ ತಕ್ಕ ಸ್ಥಳವೇ ಎಂದು ಯಾರಾದರೂ ಆಕ್ಷೇಪಿಸಬಹುದು. ಊರಿನ ದಾರಿಯನ್ನೇ ಅರಿಯದ ಹಳ್ಳಿಯ ಹುಡುಗನು ಟ್ರಂಕನ್ನು ಹೊತ್ತು ಇಳಿದೊಡನೆ ಕಣ್ಣಿಗೆ ಬೀಳುವ ಸ್ಥಳವು ಅದೊಂದೇ ಎಂಬುದು ಅದಕ್ಕೆ ಸಾಕಾದ ಸಮಾಧಾನ.

ಇಂದು ಈ ವಿಷಯವು ಪಂಡಿತರ ಪರಿಶೋಧನೆಗೂ ಬಂದಿದೆ. ಇಂಗ್ಲೆಂಡಿನ ಸಾಲ್ಫರ್ಡ್ ವಿಶ್ವವಿದ್ಯಾನಿಲಯದವರು 27 ಪ್ರಾಥಮಿಕ ಶಾಲೆಗಳ 153 ತರಗತಿಯ ಕೊಠಡಿಗಳನ್ನು ಪರೀಕ್ಷಿಸಿ, ಮಕ್ಕಳ ಒಂದು ವರ್ಷದ ಪ್ರಗತಿಯಲ್ಲಿ ಕಂಡುಬಂದ ವ್ಯತ್ಯಾಸದಲ್ಲಿ ಶೇಕಡ 16ರಷ್ಟು ಕೊಠಡಿಯ ಗುಣದೋಷಗಳಿಗೆ ಸಂಬಂಧಿಸಿದುದೆಂದು 2015ರಲ್ಲಿ ಪ್ರಕಟಿಸಿದರು. ಅವರು ಮುಖ್ಯವಾಗಿ ಎಣಿಸಿದುದು ಬೆಳಕು, ಗಾಳಿ, ಶಾಖ, ಮತ್ತು ಕೊಠಡಿಯು ತನ್ನದೆಂಬ ಭಾವನೆ ಮೊದಲಾದುವನ್ನು. ಚಿಕ್ಕ ಮಕ್ಕಳ ಲೆಕ್ಕವನ್ನು ಕಾಲೇಜಿನವರಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ. ಆದರೆ ಮುಚ್ಚಿದ ಕೊಠಡಿಯಲ್ಲಿ ಜನರು ಬಹಳವಾದರೆ ಉಸಿರಿನ ಗಾಳಿಯು ಕೆಟ್ಟು ಮಂಪರು ಹತ್ತುವುದು, ಮಂದ ಬೆಳಕಿನಲ್ಲಿ ಕಣ್ಣು ದಣಿಯುವುದು, ಪಕ್ಕದಲ್ಲಿ ಮಾತು ನಡೆಯುತ್ತಿದ್ದರೆ ಓದಿದ ವಾಕ್ಯವನ್ನೇ ಮತ್ತೆ ಓದಬೇಕಾಗುವುದು, ಇವು ಹತ್ತು ವರ್ಷದವನಿಗೂ ಇಪ್ಪತ್ತು ವರ್ಷದವನಿಗೂ ಸಮಾನವೇ. ಕಾಲೇಜು ವಿದ್ಯಾರ್ಥಿಗೆ ಇನ್ನೂ ಒಂದು ವಿಶೇಷವುಂಟು. ಅವನ ಕಲಿಕೆಯ ಬಹುಭಾಗವು ಉಪನ್ಯಾಸದ ಕೊಠಡಿಯ ಹೊರಗೆ, ತಾನೇ ಓದುವುದರಿಂದಲೂ ಜೊತೆಯವರೊಡನೆ ತರ್ಕಿಸುವುದರಿಂದಲೂ ಆಗತಕ್ಕದ್ದು. ಉಪನ್ಯಾಸದ ಕೊಠಡಿಗೆ ಲಕ್ಷಗಳನ್ನು ವೆಚ್ಚಮಾಡಿ ಮಿಕ್ಕ ಹೊತ್ತಿಗೆ ಅವನನ್ನು ಬೀದಿಗೆ ಬಿಡುವ ವಿದ್ಯಾಸಂಸ್ಥೆಯು ಅರ್ಧ ಕೆಲಸವನ್ನು ಮಾತ್ರವೇ ಮಾಡಿದಂತಾಯಿತು.

ಇದೇ ಕಾಲದಲ್ಲಿ ನಮ್ಮ ನೆರೆಯ ಕೊಲ್ಹಾಪುರದಲ್ಲಿ ಛತ್ರಪತಿ ಶಾಹು ಮಹಾರಾಜರು 1901ರಲ್ಲಿ ಮರಾಠಾ ವಿದ್ಯಾರ್ಥಿಗಳಿಗಾಗಿ ವಿಕ್ಟೋರಿಯಾ ಬೋರ್ಡಿಂಗನ್ನು ಪ್ರಾರಂಭಿಸಿ, ಕ್ರಮೇಣ ಬೇರೆ ಬೇರೆ ಸಮಾಜದವರಿಗೂ ಅಂತಹ ನಿಲಯಗಳನ್ನು ಏರ್ಪಡಿಸಿದರು. ಅಲ್ಲಿ ರಾಜರು ತಮ್ಮ ಅಧಿಕಾರದಿಂದ ಮಾಡಿದುದನ್ನು ಇಲ್ಲಿ ವರ್ತಕರೊಬ್ಬರು ತಮ್ಮ ಸಂಪಾದನೆಯಿಂದ ಮಾಡಿದರು. ಇಂತಹ ನಿಲಯಗಳು ಬಹುಮಟ್ಟಿಗೆ ಒಂದೊಂದು ಸಮಾಜದ ಪ್ರಯತ್ನದಿಂದ, ಆ ಸಮಾಜದ ಹುಡುಗರನ್ನು ಮುಖ್ಯವಾಗಿ ಉದ್ದೇಶಿಸಿ ಹುಟ್ಟಿದುವೆಂಬುದನ್ನೂ ನಾವು ಮರೆಮಾಡಬೇಕಾಗಿಲ್ಲ. ಇದರಿಂದ ಒಂದೇ ಕಾಲೇಜಿನಲ್ಲಿ ಜೊತೆಯಾಗಿ ಕುಳಿತವರು ಸಂಜೆಯಾದೊಡನೆ ತಮ್ಮ ತಮ್ಮ ಗೋಡೆಗಳೊಳಗೆ ಬೇರೆಯಾಗುವಂತಾಯಿತೆಂಬ ಟೀಕೆಯು ಸುಳ್ಳಲ್ಲ. ಆದರೆ ಸಾರ್ವಜನಿಕವಾದ ಸೂರು ಇಲ್ಲದಿದ್ದ ಕಾಲದಲ್ಲಿ ಸಮಾಜದ ಸೂರಾದರೂ ಇದ್ದುದರಿಂದಲೇ ಸಾವಿರಾರು ಮನೆತನಗಳಲ್ಲಿ ಮೊದಲನೆಯ ಪದವೀಧರನು ಹುಟ್ಟಿದನು. ಮತ್ತೊಂದು ನ್ಯೂನತೆಯು ಇದಕ್ಕಿಂತಲೂ ದೊಡ್ಡದು. ಅಂದಿನ ವಿದ್ಯಾರ್ಥಿನಿಲಯಗಳೆಂದರೆ ಗಂಡುಹುಡುಗರ ನಿಲಯಗಳು. ಹಳ್ಳಿಯ ಹೆಣ್ಣುಮಗಳು ಪಟ್ಟಣಕ್ಕೆ ಬಂದು ಒಂದು ದೀಪದ ಮುಂದೆ ನಿಶ್ಚಿಂತೆಯಿಂದ ಕುಳಿತು ಓದುವ ಏರ್ಪಾಟಿಗೆ ನಮ್ಮ ದೇಶವು ಇನ್ನೂ ಎಷ್ಟೋ ವರ್ಷ ಕಾಯಬೇಕಾಯಿತು. ಹಾಗೆ ಕಾಯಿಸಿದುದಕ್ಕೆ ಯಾವ ಸಮಾಧಾನವೂ ನಮಗೆ ತೋರುವುದಿಲ್ಲ.

ತೋಟದಪ್ಪನವರ ಔದಾರ್ಯವು ರಾಜಸಮ್ಮಾನವನ್ನು ಪಡೆಯಿತು. 1905ರಲ್ಲಿ ಮಹಾರಾಜರು ಅವರಿಗೆ ಧರ್ಮಪ್ರವರ್ತ ಎಂಬ ಬಿರುದನ್ನು ದಯಪಾಲಿಸಿದರು. ಬ್ರಿಟಿಷ್ ಸರಕಾರದವರು 1910ರಲ್ಲಿ ರಾವ್ ಬಹದ್ದೂರ್ ಪದವಿಯನ್ನು ಕೊಟ್ಟರು. ಬಿರುದುಗಳು ಆ ಕಾಲದಲ್ಲಿ ಅನೇಕರಿಗೆ ಅನೇಕ ಕಾರಣಗಳಿಂದ ಬಂದುವು. ಇವರಿಗೆ ಬಂದುದಕ್ಕೆ ಕಾರಣವು ಕಣ್ಣೆದುರಿಗೆ ನಿಂತಿತ್ತು. ಇವೆರಡಕ್ಕಿಂತಲೂ ಮಿಗಿಲಾದುದು ಅವರು ತಮ್ಮ ಕೊನೆಯ ದಿನಗಳಲ್ಲಿ ಮಾಡಿದ ವ್ಯವಸ್ಥೆ. ಅವರು ತಮ್ಮ ಆಸ್ತಿಯನ್ನು ಧರ್ಮಸಂಸ್ಥೆಯ ಸ್ವತ್ತಾಗಿ ಮಾಡಿ, ಅದರ ಆಡಳಿತವನ್ನು ಕೆ. ಪಿ. ಪುಟ್ಟಣ್ಣಚೆಟ್ಟಿಯವರ ವಶಕ್ಕೆ ಒಪ್ಪಿಸಿದರು. ಮುಂದೆ ಸರ್ ಬಿರುದನ್ನು ಪಡೆದ ಈ ಪುಟ್ಟಣ್ಣಚೆಟ್ಟಿಯವರ ಹೆಸರನ್ನೇ ಬೆಂಗಳೂರಿನ ಪುರಭವನವು ಧರಿಸಿರುವುದು. ಕಟ್ಟಡವನ್ನು ಕಟ್ಟಿಸಿ ಫಲಕವನ್ನು ಹಾಕಿಸುವ ದಾನಿಗಳು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆ ಕಟ್ಟಡದ ಹೆಂಚು ಒಡೆದಾಗ ಬದಲಾಯಿಸುವವರಾರು, ಅಡಿಗೆಯವನಿಗೆ ಸಂಬಳವನ್ನು ಕೊಡುವವರಾರು, ತಮ್ಮ ಕಾಲಾನಂತರ ಲೆಕ್ಕವನ್ನು ನೋಡುವವರಾರು ಎಂದು ಯೋಚಿಸುವವರು ಕೆಲವರೇ. ಎಷ್ಟೋ ಊರುಗಳಲ್ಲಿ ದಾನಿಗಳು ಕಣ್ಮುಚ್ಚಿದ ಹತ್ತು ವರ್ಷಗಳಲ್ಲಿ ಛತ್ರಗಳು ದನಕಟ್ಟುವ ಸ್ಥಳಗಳಾದುದನ್ನು ನಾವು ಕಂಡಿದ್ದೇವೆ. ತೋಟದಪ್ಪನವರು ವರ್ತಕರಾದುದರಿಂದ ಬಂಡವಾಳಕ್ಕೂ ನಿತ್ಯದ ಖರ್ಚಿಗೂ ಇರುವ ಭೇದವನ್ನು ಬಲ್ಲವರಾಗಿದ್ದರು. 1910ನೆಯ ಫೆಬ್ರವರಿ 21ರಂದು ಅವರು ದೈವಾಧೀನರಾದರು. ಅವರ ಸಂಸ್ಥೆಯು ನಿಲ್ಲಲಿಲ್ಲ.

ಆ ನಿಲಯದಲ್ಲಿ ಇದ್ದು ಓದಿದವರೆಲ್ಲರ ಪಟ್ಟಿಯನ್ನು ಕೊಡುವುದು ಇಲ್ಲಿ ಆಗತಕ್ಕ ಕೆಲಸವಲ್ಲ. ಒಬ್ಬರ ವಿಷಯವನ್ನು ಮಾತ್ರ ಹೇಳುವೆವು. ಏಕೆಂದರೆ ಅವರ ಮೂಲಕ ತೋಟದಪ್ಪನವರ ಕಾರ್ಯವು ಹುಟ್ಟಿದ ಜಿಲ್ಲೆಗೇ ಹಿಂದಿರುಗಿತು. ಮಾಗಡಿ ತಾಲ್ಲೂಕು ವೀರಾಪುರದಲ್ಲಿ 1907ರಲ್ಲಿ ಜನಿಸಿದ ಶಿವಣ್ಣನೆಂಬ ಯುವಕನು ತುಮಕೂರು ಸೀಮೆಯಲ್ಲಿ ಓದಿ, 1926ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿದಾಗ ಅವನಿಗೆ ಆಶ್ರಯವಾದುದು ತೋಟದಪ್ಪನವರ ವಿದ್ಯಾರ್ಥಿನಿಲಯ. 1930ರಲ್ಲಿ ಅವನು ಸನ್ಯಾಸವನ್ನು ಸ್ವೀಕರಿಸಿ, ಸಿದ್ಧಗಂಗಾ ಮಠದ ಉದ್ದಾನ ಶಿವಯೋಗಿಗಳ ಉತ್ತರಾಧಿಕಾರಿಯಾದನು. ಅವರೇ ಡಾಕ್ಟರ್ ಶಿವಕುಮಾರ ಸ್ವಾಮಿಗಳು. ತುಮಕೂರಿನ ಪಕ್ಕದ ಕ್ಯಾತಸಂದ್ರದ ಆ ಮಠದಲ್ಲಿ ಉದ್ದಾನ ಶಿವಯೋಗಿಗಳ ಕಾಲದಲ್ಲಿಯೇ, 1917ರಲ್ಲಿ, ಸಂಸ್ಕೃತ ಪಾಠಶಾಲೆಯು ಪ್ರಾರಂಭವಾಗಿದ್ದಿತು. ಹಿರಿಯರು 1941ರಲ್ಲಿ ಲಿಂಗೈಕ್ಯರಾದ ಮೇಲೆ ಕಿರಿಯರು ಆ ದಾಸೋಹವನ್ನು ಬೆಳಸಿದ ರೀತಿಯು ಎಲ್ಲರಿಗೂ ತಿಳಿದಿರುವುದೇ. ಜಾತಿಮತಗಳ ಎಣಿಕೆಯಿಲ್ಲದೆ ಎಂಟು ಹತ್ತು ಸಾವಿರ ಮಕ್ಕಳು ಒಂದೇ ಆವರಣದಲ್ಲಿ ಉಂಡು, ಮಲಗಿ, ಓದುವ ಏರ್ಪಾಟು ಅಲ್ಲಿ ಸಿದ್ಧವಾಯಿತು. 2019ನೆಯ ಜನವರಿ 21ರಂದು ನೂರಹನ್ನೊಂದು ವರ್ಷಗಳ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾಗುವವರೆಗೂ ಈ ಕಾರ್ಯವು ಅವರ ಕಣ್ಣಮುಂದೆಯೇ ನಡೆಯಿತು. ಹಿಂದೆ ನಾವು ಹೇಳಿದ ಸಮಾಜದ ಗೋಡೆಯನ್ನು ಈ ನಿಲಯವು ದಾಟಿತು. ಇತರರ ಧರ್ಮದ ಸೂರಿನಡಿಯಲ್ಲಿ ಓದಿದವರಿಗೆ ಸೂರಿನ ಬೆಲೆಯು ಉಳಿದವರಿಗಿಂತ ಚೆನ್ನಾಗಿ ತಿಳಿದಿರುವುದು ಸಹಜ.

ಈಗ ತುಮಕೂರಿನವನು ಪದವಿಗಾಗಿ ಬೆಂಗಳೂರಿಗೆ ಹೋಗಬೇಕಾದ ಅವಶ್ಯಕತೆಯಿಲ್ಲ. 2004ರಲ್ಲಿ ತುಮಕೂರಿನಲ್ಲಿಯೇ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಗುಬ್ಬಿ, ಕುಣಿಗಲುಗಳಲ್ಲಿಯೂ ಕಾಲೇಜುಗಳಿವೆ. ನಗರದ ಬಿ. ಎಚ್. ರಸ್ತೆಯ ಆವರಣವಲ್ಲದೆ ಈಚೆಗೆ ಬಿದರಕಟ್ಟೆಯಲ್ಲಿ ಜ್ಞಾನಸಿರಿಯೆಂಬ ಹೊಸ ಆವರಣವೂ ಏರ್ಪಟ್ಟಿದೆ. ನಗರದ ಇಕ್ಕಟ್ಟಿನಿಂದ ವಿಶಾಲವಾದ ಬಯಲಿಗೆ ಹೋಗುವುದು ಒಳ್ಳೆಯದೇ. ಪ್ಲೇಗಿನ ತರುವಾಯ ಬೆಂಗಳೂರು ಮಾಡಿದುದೂ ಅದನ್ನೇ. ಆದರೆ ಬಯಲಿನ ಆವರಣಕ್ಕೆ ಬೇರೆ ಹೊಣೆಗಳುಂಟು. ನಗರದ ನಡುವೆ ಇರುವ ಕಾಲೇಜಿನ ವಿದ್ಯಾರ್ಥಿಯು ಪಾಠವಿಲ್ಲದ ಹೊತ್ತಿನಲ್ಲಿ ಸಾರ್ವಜನಿಕ ಪುಸ್ತಕಭಂಡಾರಕ್ಕೋ ಗೆಳೆಯನ ಮನೆಗೋ ಹೋಗಬಲ್ಲನು. ಬಯಲಿನಲ್ಲಿರುವವನಿಗೆ ಆವರಣವೇ ಗತಿ. ಗುಬ್ಬಿಯಿಂದ ಬೆಳಗಿನ ರೈಲಿಗೂ ಕುಣಿಗಲಿನಿಂದ ಬೆಳಗಿನ ಬಸ್ಸಿಗೂ ಹೊರಟು ಬಂದು ಸಂಜೆ ಹಿಂದಿರುಗುವ ಮಕ್ಕಳು, ಅದರಲ್ಲಿಯೂ ಹೆಣ್ಣುಮಕ್ಕಳು, ಪಾಠದ ನಡುವೆ ಬಿಡುವಾದ ಎರಡು ಗಂಟೆಗಳನ್ನು ಎಲ್ಲಿ ಕಳೆಯುವರು, ಮಳೆ ಬಂದರೆ ಎಲ್ಲಿ ನಿಲ್ಲುವರು, ತಂದ ಬುತ್ತಿಯನ್ನು ಎಲ್ಲಿ ಕುಳಿತು ಬಿಚ್ಚುವರು ಎಂಬುದನ್ನು ಹೊಸ ಕಟ್ಟಡಗಳ ನಕ್ಷೆಯನ್ನು ಮಂಜೂರು ಮಾಡುವವರು ಉಪನ್ಯಾಸಮಂದಿರದ ಅಳತೆಯೊಡನೆಯೇ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು. ದಿನಂಪ್ರತಿ ಬಂದು ಹೋಗುವವರಿಗೆ ಹಗಲಿನ ಮಟ್ಟಿಗಾದರೂ ಒಂದು ನಿಲಯವು ಬೇಕು. ಅದು ದೊಡ್ಡ ವೆಚ್ಚದ ಮಾತಲ್ಲ: ಗಾಳಿಯಾಡುವ ಒಂದು ಓದುವ ಕೊಠಡಿ, ನಾಲ್ಕು ಸಾಲು ಮೇಜುಗಳು, ಕುಡಿಯುವ ನೀರು, ಶುಚಿಯಾದ ಶೌಚಗೃಹ, ಪುಸ್ತಕಗಳನ್ನು ಇಡಲು ಬೀಗ ಹಾಕಬಹುದಾದ ಗೂಡುಗಳು. ಪುಸ್ತಕಭಂಡಾರದ ಬಾಗಿಲನ್ನು ಕಛೇರಿಯ ಗಡಿಯಾರಕ್ಕೆ ಅನುಸಾರವಾಗಿ ಮುಚ್ಚದೆ, ಗುಬ್ಬಿಗೂ ಕುಣಿಗಲಿಗೂ ಹೋಗುವ ಕೊನೆಯ ಬಸ್ಸಿನ ಹೊತ್ತಿನ ವರೆಗೆ ತೆರೆದಿಡಬೇಕೆಂದು ನಾವು ವಿಶ್ವವಿದ್ಯಾನಿಲಯದ ಅಧಿಕಾರಿಗಳನ್ನು ಕೋರುತ್ತೇವೆ.